ಗುದ್ದಲಿ ಮುಟ್ಟದ ಗಣಿಗಾರ

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು ಎನ್ನುವವರು ಯಾರೂ ಭಾನುವಾರ ಬೆಳಿಗ್ಗೆ ಚಂದಾಪುರ ಸರ್ಕಲ್ಲಿನಲ್ಲಿ ನಿಂತು ನೋಡಿದವರಲ್ಲ. ಗಣಿ ಮುಚ್ಚಿಲ್ಲ. ಕೋಲಾರ ಜಿಲ್ಲೆಯಿಂದ ಆನೇಕಲ್ ತಾಲ್ಲೂಕಿಗೆ ವರ್ಗವಾಗಿದೆ, ಜೊತೆಗೆ ಬಡ್ತಿಯೂ ಸಿಕ್ಕಿದೆ. ಅಲ್ಲಿ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರನ್ನು ಇಳಿಸಬೇಕಿತ್ತು. ಇಲ್ಲಿ ಸೈಟಿನ ನಾಲ್ಕು ಮೂಲೆಗೆ ಕಲ್ಲು ನೆಡಲು ಒಂದೊಂದು ಅಡಿ ಗುಂಡಿ ತೆಗೆದರೆ ಆಯಿತು. ಗಣಿಯ ಒಟ್ಟು ಆಳ ಅಷ್ಟೇ. ಕಲ್ಲಿನ ತಲೆಗೆ ಹಳದಿ ಬಣ್ಣ ಬಳಿದರೆ ಅದಿರು ತಯಾರು.

ಈ ಗಣಿಯ ಸಾಹಸಿ ನಮ್ಮ ಹುಡುಗ. ವಯಸ್ಸು ಇಪ್ಪತ್ತಾರು. ಹೆಸರು ಬೇಡ, ಅವನಂಥವರು ಬೇಕಾದಷ್ಟಿದ್ದಾರೆ. ಸರ್ಕಲ್ಲಿನಲ್ಲಿ ನಿಂತು ಒಂದು ಕಲ್ಲೆಸೆದರೆ ಮೂವರು ಸೈಟ್ ಬ್ರೋಕರುಗಳಿಗೆ ತಗಲುತ್ತದೆ. ನಾಲ್ಕನೆಯವನು ಆ ಕಲ್ಲನ್ನೇ ಎತ್ತಿ ನಿಲ್ಲಿಸಿ, 'ಕಾರ್ನರ್ ಸೈಟು ಸಾರ್, ಈಸ್ಟ್ ಫೇಸಿಂಗು' ಎನ್ನುತ್ತಾನೆ. ಬ್ರೋಕರ್ ಎಂದರೆ ಹುಡುಗನಿಗೆ ಬೇಜಾರು. ವಿಸಿಟಿಂಗ್ ಕಾರ್ಡಿನಲ್ಲಿ ಲ್ಯಾಂಡ್ ಕನ್ಸಲ್ಟೆಂಟ್, ಗಣೇಶನ ಹಬ್ಬದ ಫ್ಲೆಕ್ಸಿನಲ್ಲಿ ಯುವ ಉದ್ಯಮಿ ಹಾಗೂ ಸಮಾಜ ಸೇವಕರು. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲ ಊರುಗಳಿಂದ ಬರುವ ತೇರುಗಳು ನೂರಡಿ ದಾಟುತ್ತವೆ. ಅವಕ್ಕೆ ಸ್ವಾಗತ ಕೋರುವ ಅವನ ಫ್ಲೆಕ್ಸು ಇನ್ನೂ ಅಷ್ಟೆತ್ತರ ಮುಟ್ಟಿಲ್ಲ, ಪ್ರಯತ್ನ ನಡೆದಿದೆ.

ಮೊದಲು ಹೀಗಿರಲಿಲ್ಲ. ಡಿಪ್ಲೊಮಾ ಮುಗಿಸಿ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದ. ಒಂದು ದಿನ ಊಟದ ಬಿಡುವಿನಲ್ಲಿ ತನ್ನ ತಿಂಗಳ ಸಂಬಳವನ್ನೂ ಪಕ್ಕದ ಹಳ್ಳಿಯ ಮೂವತ್ತು-ನಲವತ್ತರ ಸೈಟಿಗೆ ಸಿಗುವ ಎರಡು ಪರ್ಸೆಂಟ್ ಕಮಿಷನ್ನನ್ನೂ ಮೊಬೈಲಿನ ಕ್ಯಾಲ್ಕುಲೇಟರಿಗೆ ಹಾಕಿ ನೋಡಿದ. ಬಿಡುವು ಮುಗಿದ ಮೇಲೆ ಒಳಗೆ ಹೋಗಲಿಲ್ಲ.

1849ರಲ್ಲಿ ಚಿನ್ನ ಹುಡುಕುತ್ತ ಕ್ಯಾಲಿಫೋರ್ನಿಯಾಕ್ಕೆ ಓಡಿದ ಹುಡುಗರ ಬಳಿ ಗುದ್ದಲಿ, ತಗಡಿನ ಬೋಗುಣಿ, ಒಂದು ಹೇಸರಗತ್ತೆ ಇರುತ್ತಿದ್ದವಂತೆ. ನಮ್ಮವನ ಬಳಿ ಎರಡು ಫೋನು, ನಾಲ್ಕು ಸಿಮ್ಮು, ಲೆಕ್ಕವಿಲ್ಲದಷ್ಟು ವಾಟ್ಸ್ಯಾಪ್ ಗುಂಪು ಮತ್ತು ಒಂದು ಪ್ಲಾಸ್ಟಿಕ್ ಫೋಲ್ಡರು. ಫೋಲ್ಡರಿನಲ್ಲಿ ಪಹಣಿ, ಮ್ಯುಟೇಷನ್, ಇ.ಸಿ., ಕನ್ವರ್ಷನ್ ಆರ್ಡರ್, ಟಿಪ್ಪಣಿ, ಆಕಾರ್‌ಬಂದ್ ಎಲ್ಲವೂ ಇವೆ, ಎಲ್ಲವೂ ಜೆರಾಕ್ಸು. ಒರಿಜಿನಲ್ ನೋಡಬೇಕು ಎಂದು ಹಟ ಹಿಡಿದವರು ಯಾರೂ ಈ ವ್ಯಾಪಾರದಲ್ಲಿ ಉಳಿದಿಲ್ಲ. ಜಮೀನಿನ ಯಜಮಾನನೊಂದಿಗೆ ಕನ್ನಡ, ಡೆವಲಪರ್ ಜೊತೆ ತೆಲುಗು, ಹೊಸೂರಿನಿಂದ ಬಡ್ಡಿಗೆ ದುಡ್ಡು ತರುವವರ ಜೊತೆ ತಮಿಳು, ಸೈಟು ಕೊಳ್ಳುವವರ ಜೊತೆ ಹಿಂದಿ. ಭಾಷಾ ಬಾಂಧವ್ಯ ಬೆಳೆಸಲು ಸರ್ಕಾರ ಅಕಾಡೆಮಿಗಳಿಗೆ ಸುರಿಯುವ ಅನುದಾನವನ್ನು ಸೀದಾ ಚಂದಾಪುರದ ಟೀ ಅಂಗಡಿಗಳಿಗೆ ಕೊಟ್ಟರೆ ಕೆಲಸ ಬೇಗ ಆದೀತು.

ಅವನು ಸೈಟು ಮಾರುತ್ತಾನೆ ಎಂದು ಯಾರಾದರೂ ತಿಳಿದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಅವನು ಮಾರುವುದು ಸುದ್ದಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಏಳು ಮಂದಿ ಮೀಡಿಯೇಟರುಗಳಿರುತ್ತಾರೆ, ಏಳೂ ಮಂದಿ ತಮ್ಮ ಹಿಂದಿರುವುದು 'ಡೈರೆಕ್ಟ್ ಪಾರ್ಟಿ' ಎಂದೇ ಆಣೆ ಮಾಡುತ್ತಾರೆ. ಒಮ್ಮೆ ನಮ್ಮ ಹುಡುಗ ಬೆಳಿಗ್ಗೆ ಗುಂಪಿಗೆ ಬಿಟ್ಟ ಸೈಟೊಂದು ಇಡೀ ತಾಲ್ಲೂಕು ಸುತ್ತಿ ಸಂಜೆ ಅವನಿಗೇ ವಾಪಸು ಬಂತು, ಸ್ಕ್ವೇರ್ ಫೀಟಿಗೆ ಮುನ್ನೂರು ರೂಪಾಯಿ ಜಾಸ್ತಿಗೆ. 'ನೋಡಿದ್ರಾ ಸಾರ್, ಬೆಳಿಗ್ಗೆಯಿಂದ ಸಂಜೆಗೆ ಹೆಂಗ್ ಏರಿಬಿಡ್ತು ರೇಟು!' ಎಂದು ಅವನೇ ಬೆರಗಾದ. ಆ ಮುನ್ನೂರರಲ್ಲಿ ತನ್ನ ಕೈಯೂ ಇದೆ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ರೇಟು ಇಳಿಸುತ್ತಿರಲಿಲ್ಲ. ಸೈಟಿನ ಯಜಮಾನ ಆ ಹೊತ್ತಿಗೆ ಹಸುವಿಗೆ ನೀರು ಕುಡಿಸುತ್ತಿದ್ದ. ತನ್ನ ಜಮೀನು ಇವತ್ತು ಒಂಬತ್ತು ಸಲ ಕೈ ಬದಲಾಯಿಸಿದ್ದು ಅವನಿಗೆ ಗೊತ್ತೇ ಇಲ್ಲ.

ಇದನ್ನು ಕೇಳಿ ಹಿರಿಯರು 'ಕಾಲ ಕೆಟ್ಟಿತು' ಎಂದು ತಲೆ ಕೊಡವುತ್ತಾರೆ. ಕಾಲ ಮೊದಲಿನಿಂದಲೂ ಹೀಗೇ ಇದೆ. ಮೈಸೂರು ಸೀಮೆಯ ಚಿನ್ನದ ಚರಿತ್ರೆಯಲ್ಲಿ ಮೊದಲ ದೊಡ್ಡ ಹೆಸರು ಮೈಕಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್. ಐರ್ಲೆಂಡಿನವನು, ನ್ಯೂಜಿಲೆಂಡಿನ ಯುದ್ಧದಲ್ಲಿ ದುಡಿದು ಬೆಂಗಳೂರು ದಂಡಿನಲ್ಲಿ ಬಂದು ನೆಲೆಸಿದ್ದ. 1871ರಲ್ಲಿ ಅವನ ಕೈಗೆ ಜಾನ್ ವಾರೆನ್ ಎಂಬ ಸೇನಾಧಿಕಾರಿ 1804ರಲ್ಲಿ ಪ್ರಕಟಿಸಿದ್ದ ಬರಹವೊಂದು ಸಿಕ್ಕಿತು. ಕೋಲಾರದ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದ ಕತೆ ಅದರಲ್ಲಿತ್ತು. ಅರವತ್ತೇಳು ವರ್ಷ ಹಳೆಯ ಒಂದು ಫಾರ್ವರ್ಡ್ ಮೆಸೇಜು ಅನ್ನಿ. ಲ್ಯಾವೆಲ್ ಎತ್ತಿನ ಗಾಡಿ ಕಟ್ಟಿಸಿ ಹೊರಟ. ಅದು ಈ ನಾಡಿನ ಮೊದಲ ಸೈಟ್ ವಿಸಿಟ್. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಬರೆಸಿಕೊಂಡ. ಆಮೇಲೆ? ಜೀವಮಾನವಿಡೀ ಅಗೆದನೇ? ಇಲ್ಲ. ಎರಡೇ ವರ್ಷದಲ್ಲಿ ಆ ಹಕ್ಕನ್ನು ಇನ್ನೊಂದು ಗುಂಪಿಗೆ ದಾಟಿಸಿಬಿಟ್ಟ. ನಿಜವಾಗಿ ಆಳಕ್ಕಿಳಿದು ಲಾಭ ಕಂಡವರು 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯವರು. ಇಳಿದು ಸತ್ತವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕೂಲಿಗಳು. ಕಾಗದ ಕೈ ಬದಲಾಯಿಸಿದ ಲ್ಯಾವೆಲ್ಲನ ಹೆಸರಿಗೆ ಬೆಂಗಳೂರಿನಲ್ಲಿ ಒಂದು ರಸ್ತೆಯೇ ಇದೆ. ಆ ರಸ್ತೆಯಲ್ಲಿ ಈಗ ಒಂದು ಸ್ಕ್ವೇರ್ ಫೀಟಿಗೆ ಎಷ್ಟಿದೆ ಎಂಬುದನ್ನು ನಮ್ಮ ಹುಡುಗ ನಿದ್ದೆಯಲ್ಲೂ ಹೇಳುತ್ತಾನೆ. ಲ್ಯಾವೆಲ್ಲನ ಹೆಸರು ಅವನಿಗೆ ಗೊತ್ತಿಲ್ಲ. ಆದರೂ ನಿಜವಾದ ವಾರಸುದಾರ ಅವನೇ.

ಕೆಜಿಎಫ್ ಮುಚ್ಚಿದ ಆಸುಪಾಸಿನಲ್ಲೇ ಕರ್ನಾಟಕದ ಪಹಣಿಗಳೆಲ್ಲ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದವು. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ಬಂಡೆಯೊಳಗಿನ ಚಿನ್ನ ಮುಗಿಯಿತು, ಕಾಗದದೊಳಗಿನ ಚಿನ್ನ ಶುರುವಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಇದರಿಂದ ರೈತನಿಗೆ ಅನುಕೂಲವೂ ಆಯಿತು, ಅಲ್ಲಗಳೆಯುವುದಿಲ್ಲ. ಗ್ರಾಮ ಲೆಕ್ಕಿಗರ ಮನೆಯ ಜಗುಲಿ ಕಾಯುವುದು ತಪ್ಪಿತು. ಯಾವ ಸರ್ವೇ ನಂಬರಿನಲ್ಲಿ ಎಷ್ಟು ಗುಂಟೆ ಯಾರ ಹೆಸರಿಗಿದೆ ಎಂದು ಕೂತಲ್ಲೇ ನೋಡಬಹುದಾಯಿತು. ರೈತ ನೋಡುವುದಕ್ಕಿಂತ ಮುಂಚೆ ನಮ್ಮ ಹುಡುಗ ನೋಡಿದ, ಅಷ್ಟೇ ವ್ಯತ್ಯಾಸ.

ಹುಡುಗನ ಮನೆಯ ಕತೆಯಲ್ಲೂ ಒಂದು ಗಣಿ ಇದೆ. ಅವನ ತಾತ ಗೇಣಿದಾರ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾನು ಉಳುತ್ತಿದ್ದ ನೆಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಕಾಯ್ದೆಯ 79ಎ, 79ಬಿ ಕಲಮುಗಳು ಬೇಸಾಯವಲ್ಲದೆ ಬೇರೆ ಮೂಲದಿಂದ ದೊಡ್ಡ ಆದಾಯ ಇರುವವರು, ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎಂದವು. ತಾತ ಅಲ್ಲಿ ರಾಗಿ ಬೆಳೆದ, ಹಿಪ್ಪುನೇರಳೆ ಹಾಕಿದ, ಆನೇಕಲ್ಲಿಗೆ ಗೂಡು ಹಾಕಿದ. ಅಪ್ಪ ನೀಲಗಿರಿ ನೆಟ್ಟು ಬೆಂಗಳೂರಿಗೆ ಬಸ್ ಹತ್ತಿದ. ಆದಾಯದ ಮಿತಿ 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೇರಿತು. 2020ರಲ್ಲಿ ಆ ಕಲಮುಗಳನ್ನೇ ಕಿತ್ತು ಹಾಕಿದರು. ಇನ್ನು ಯಾರು ಬೇಕಾದರೂ ರೈತರಾಗಬಹುದು. ರೈತ ಮಾತ್ರ ಬೇರೆ ಏನಾದರೂ ಆಗಬೇಕು.

ಹುಡುಗ ಆದ. ಮೊದಲು ಮಾರಿದ್ದು ತಾತನ ಎರಡು ಎಕರೆಯಲ್ಲಿ ಹನ್ನೆರಡು ಗುಂಟೆ. ಬಂದ ದುಡ್ಡಿಗೆ ಕಪ್ಪು ಬಣ್ಣದ ದೊಡ್ಡ ಕಾರು, ಅಕ್ಕನ ಮದುವೆ, ಮನೆಗೆ ಗ್ರಾನೈಟು. ತಾತ ಜಗುಲಿಯಲ್ಲಿ ಕೂತು ಕೇಳಿದನಂತೆ: 'ಏನ್ಲಾ ಮಗಾ, ಆ ಫಾರಂ ಏಳು ಹಾಕಕ್ಕೆ ಒಂಬತ್ತ್ ಕಿತ ಆನೇಕಲ್ಲಿಗೆ ನಡ್ಕಂಡ್ ಓಗಿದ್ದೆ ಕಣ್ಲಾ.' ಹುಡುಗನ ಉತ್ತರ: 'ನೀನ್ ನಡೆದಿದ್ದಕ್ಕೇ ತಾತ, ನಾನು ಕಾರಲ್ಲಿ ಓಗ್ತಿರೋದು.' ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಭಾನುವಾರ ಗಣಿಯ ಪೂರ್ತಿ ಪಾಳಿ. ಕೊಳ್ಳುವವನು ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯ ಪಿಜಿಯಿಂದ ಬರುತ್ತಾನೆ. ಅವನಿಗೂ ಇಪ್ಪತ್ತೇಳು-ಇಪ್ಪತ್ತೆಂಟು. ಅವನೂ ಸಾಹಸಿಯೇ. 1978ರಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎಂದು ಬೋರ್ಡು ನೆಟ್ಟಾಗ, ಆರ್.ಕೆ. ಬಾಳಿಗರಂಥ ಕನಸುಗಾರರನ್ನು ಬಿಟ್ಟರೆ ಅಲ್ಲಿ ಏನಾದೀತು ಎಂದು ಯಾರಿಗೂ ನಂಬಿಕೆ ಇರಲಿಲ್ಲ. ಈಗ ಅದೇ ಬೋರ್ಡಿನ ಕೆಳಗೆ ಇಡೀ ದೇಶದ ಎಂಜಿನಿಯರುಗಳು ಮೂರು ಜನಕ್ಕೊಂದು ರೂಮಿನಲ್ಲಿ ಬಟ್ಟೆ ಒಣಗಿಸುತ್ತಿದ್ದಾರೆ. ಊರಲ್ಲಿ ಅಪ್ಪ ಕೇಳುವುದು ಒಂದೇ ಪ್ರಶ್ನೆ, 'ಬೆಂಗಳೂರಲ್ಲಿ ಸೈಟು ತಗೊಂಡ್ಯಾ?' ಸಂಬಂಧ ನೋಡಲು ಬಂದವರೂ ಅದನ್ನೇ ಕೇಳುತ್ತಾರೆ, ಸ್ವಲ್ಪ ನಾಜೂಕಾಗಿ. ಹೀಗೆ ಅವನೂ ಚಂದಾಪುರದ ಕಡೆ ಗುಳೆ ಹೊರಡುತ್ತಾನೆ, ಕಪ್ಪು ಕಾರಿನಲ್ಲಿ, ಪಿಕಪ್ ಅಂಡ್ ಡ್ರಾಪ್ ಫ್ರೀ.

ಕಾರಿನೊಳಗೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ನಿಷಿದ್ಧ. ಎಲ್ಲವೂ ನಿಮಿಷ. ಇನ್ಫೋಸಿಸ್‌ಗೆ ಹನ್ನೆರಡು ನಿಮಿಷ, ನಾರಾಯಣ ಹೃದಯಾಲಯಕ್ಕೆ ಎಂಟು, ಮೆಟ್ರೊಗೆ ಐದು. ಈ ಲೆಕ್ಕ ಸುಳ್ಳಲ್ಲ. ರಾತ್ರಿ ಮೂರು ಗಂಟೆಗೆ, ಸಿಗ್ನಲ್ಲು ಕೆಟ್ಟಿದ್ದು, ಲಾರಿಗಳೆಲ್ಲ ಅತ್ತಿಬೆಲೆ ಚೆಕ್‌ಪೋಸ್ಟಿನ ಆಚೆ ನಿಂತಿದ್ದರೆ ಪಕ್ಕಾ. ಕಾರು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರಲ್ಲೇ ಹುಡುಗನ ಪ್ರತಿಭೆ ಇರುವುದು. ಮುಖ್ಯರಸ್ತೆಯಿಂದ ಸೀದಾ ಹೋದರೆ ಚಂದಾಪುರ ಕೆರೆ ಸಿಗುತ್ತದೆ. ಸಿಕ್ಕರೆ ಕಿಟಕಿ ಏರಿಸಬೇಕಾಗುತ್ತದೆ, ಏರಿಸಿದರೆ ಪ್ರಶ್ನೆ ಬರುತ್ತದೆ. ಹಾಗಾಗಿ ನಾಲ್ಕು ಹಳ್ಳಿ ಸುತ್ತಿ, ದೇವಸ್ಥಾನ ತೋರಿಸಿ, ಮಾವಿನ ತೋಪು ದಾಟಿ ಹೋಗುತ್ತಾನೆ. 'ನೇಚರ್ ನೋಡಿ ಸಾರ್.'

ಕೆರೆಯ ವಿಷಯ ಎತ್ತಿದ್ದರಿಂದ ಹೇಳಿಬಿಡುತ್ತೇನೆ. ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರಿ ಹಾಳಾದ ಈ ಕೆರೆಯನ್ನು ಕಾಪಾಡಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ 500 ಕೋಟಿ ರೂಪಾಯಿ ಕಟ್ಟಲು ಹೇಳಿತು. ಪತ್ರಿಕೆಯಲ್ಲಿ ಈ ಸುದ್ದಿ ಓದಿ ಜನ ತಲೆ ತಗ್ಗಿಸಿದರು. ನಮ್ಮ ಹುಡುಗ ತಲೆ ಎತ್ತಿದ. ಅವನ ಕಣ್ಣಿಗೆ ದಂಡ ಕಾಣಲಿಲ್ಲ, ವ್ಯಾಲ್ಯುಯೇಷನ್ ಕಂಡಿತು. 'ಹಾಳಾದ ಕೆರೆಗೇ 500 ಕೋಟಿ ಅಂದ್ರೆ, ಅದರ ಪಕ್ಕದ ಕ್ಲಿಯರ್ ಟೈಟಲ್ ಜಾಗಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ ಸಾರ್!' ಮರುದಿನದ ಜಾಹೀರಾತಿನಲ್ಲಿ ಎರಡು ಸೈಟುಗಳು 'ಲೇಕ್ ವ್ಯೂ' ಆಗಿದ್ದವು. ರಾಜಕಾಲುವೆಯ ಮೇಲಿದ್ದದ್ದು 'ವಾಟರ್ ಫ್ರಂಟ್'.

ಚಿನ್ನದ ಗಣಿಯಲ್ಲಿ ಪದರ ಹುಡುಕುತ್ತಾರೆ, ಚಂದಾಪುರದಲ್ಲಿ ಪ್ರಸ್ತಾವನೆ. ಸರ್ಕಾರ ಒಂದು ಘೋಷಣೆ ಮಾಡಿದರೆ ಒಂದು ಪದರ ಸಿಕ್ಕಂತೆ. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ಹತ್ತು ಕಿಲೋಮೀಟರಿನ ಎತ್ತರದ ರಸ್ತೆ ತೆರೆದಾಗ ಒಂದು ಪದರ. ಆಮೇಲೆ ಮೆಟ್ರೊ. ಹಳದಿ ಮಾರ್ಗ ಇಂದು ಬಂತು, ನಾಳೆ ಬಂತು ಎನ್ನುತ್ತ ಗಡುವುಗಳು ಒಂದರ ಹಿಂದೊಂದು ಸತ್ತವು. ಪ್ರತಿ ಗಡುವು ಸತ್ತಾಗಲೂ ರೇಟು ಏರಿತು, ಯಾಕೆಂದರೆ ಬರುವ ಮೆಟ್ರೊಗೆ ಇರುವ ಬೆಲೆ ಬಂದ ಮೆಟ್ರೊಗೆ ಇರುವುದಿಲ್ಲ. 2025ರ ಆಗಸ್ಟ್ 10ರಂದು ಪ್ರಧಾನಿ ಬಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರನ್ನು ಉದ್ಘಾಟಿಸಿಯೇಬಿಟ್ಟರು. ಹದಿನಾರು ನಿಲ್ದಾಣ, ಆರಂಭಕ್ಕೆ ಮೂರು ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಜನ ಪ್ಲಾಟ್‌ಫಾರಂ ಮೇಲೆ ಪಟಾಕಿ ಹೊಡೆಯುವುದೊಂದು ಬಾಕಿ. ಹುಡುಗ ಮಾತ್ರ ಸಪ್ಪಗಿದ್ದ. 'ಅದು ಬಂದುಬಿಡ್ತಲ್ಲ ಸಾರ್, ಇನ್ನೇನು ಹೇಳ್ಲಿ ಪಾರ್ಟಿಗೆ?' ಎರಡೇ ವಾರ. ಸೂರ್ಯನಗರದಲ್ಲಿ 80,000 ಆಸನದ ಕ್ರಿಕೆಟ್ ಕ್ರೀಡಾಂಗಣ ಕಟ್ಟುವ ಸುದ್ದಿ ನೋಡಿದ, ಚೇತರಿಸಿಕೊಂಡ. ಸಮೀಪದ ಒಂದು ಲೇಔಟಿನ ಹೊಸ ಬ್ರೋಷರಿನಲ್ಲಿ ಮನೆಯ ಬಾಲ್ಕನಿಯಿಂದ ಸಿಕ್ಸರ್ ಕಾಣುತ್ತದೆ.

ಕುಡಿಯುವ ನೀರು? ಬ್ರೋಷರಿನಲ್ಲಿದೆ, ಕಾವೇರಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಪ್ರಸ್ತಾವಿತ'. ಇತಿಹಾಸ ತಿಳಿದವರಿಗೆ ಇಲ್ಲೊಂದು ನಗು ಬರಬೇಕು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ದೀಪಗಳಿಗಿಂತ ಮೂರು ವರ್ಷ ಮೊದಲೇ ನೂರೈವತ್ತು ಕಿಲೋಮೀಟರಿನಷ್ಟು ದೂರ ಹರಿದು ಕೋಲಾರದ ಗಣಿಗೆ ತಲುಪಿತ್ತು. ಅಂದಿನ ಚಿನ್ನಕ್ಕೆ ನದಿ ತಂತಿಯ ಮೇಲೆ ಬಂತು, ಇಂದಿನ ಚಿನ್ನಕ್ಕೆ ಟ್ಯಾಂಕರಿನಲ್ಲಿ ಬರುತ್ತದೆ. ಬೋರು ಸಾವಿರ ಅಡಿ ದಾಟಿದರೂ ಧೂಳು ಉಗುಳುವ ಈ ನೆಲದಲ್ಲಿ ಒಂದೊಂದು ಅಡಿ ಅಗೆದರೆ ಸಾಕು ಎಂದೆನಲ್ಲ, ಸ್ವಲ್ಪ ತಿದ್ದಿಕೊಳ್ಳಿ. ಸೈಟು ಕೊಂಡ ಮೇಲೆ ಅಗೆತ ಶುರುವಾಗುತ್ತದೆ, ಖರ್ಚು ಕೊಂಡವನದು.

ಲಾಭ ಯಾರದು ಎನ್ನುವುದಕ್ಕೆ ಹಳೆಯ ಕತೆಯೊಂದಿದೆ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಮ್ ಬ್ರ್ಯಾನನ್ ಎಂಬ ಅಂಗಡಿಯವನಿದ್ದ. ಊರಲ್ಲಿ ಸಿಕ್ಕ ಗುದ್ದಲಿ, ಬೋಗುಣಿಗಳನ್ನೆಲ್ಲ ಮೊದಲು ಕೊಂಡಿಟ್ಟು, ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೊ ಬೀದಿಯಲ್ಲಿ ಚಿನ್ನ ಸಿಕ್ಕಿದೆ ಎಂದು ಕೂಗುತ್ತ ನಡೆದ. ಅಗೆದವರಲ್ಲಿ ಬಹುಪಾಲು ಮಂದಿ ಬರಿಗೈಯಲ್ಲಿ ಮರಳಿದರು, ಗುದ್ದಲಿ ಮಾರಿದವನು ಕೋಟ್ಯಧೀಶನಾದ. ಚಂದಾಪುರದ ಬ್ರ್ಯಾನನ್ನರನ್ನು ನೋಡಬೇಕಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಹೋಗಿ. ಜೆರಾಕ್ಸ್ ಅಂಗಡಿಯವನು ಮನೆಗೆ ಮೂರನೇ ಮಹಡಿ ಏರಿಸಿದ್ದಾನೆ. ಪತ್ರ ಬರಹಗಾರರು ಪತ್ರವನ್ನು ಓದುವುದಿಲ್ಲ, ಬರೆಯುತ್ತಾರೆ. ಟ್ಯಾಂಕರಿನವನು ಬೇಸಿಗೆಯಲ್ಲಿ ಫೋನೇ ಎತ್ತುವುದಿಲ್ಲ. ಫ್ಲೆಕ್ಸ್ ಮುದ್ರಿಸುವವನು, ಜೆಸಿಬಿ ಇಟ್ಟವನು, ಹೊಲದ ನಡುವೆ ಸಿಮೆಂಟಿನ ಕಮಾನು ಕಟ್ಟಿಕೊಡುವ ಮೇಸ್ತ್ರಿ, ಎಲ್ಲರೂ ಸುಖಿಗಳು. ಕಮಾನಿನ ಒಳಗೆ ಏನೂ ಇಲ್ಲ, ಒಂದು ಟಾರು ರಸ್ತೆ, ಎರಡು ದೀಪದ ಕಂಬ, ಮೇಯುತ್ತಿರುವ ಒಂದು ಎಮ್ಮೆ. ಕಮಾನಿನ ಮೇಲೆ ಮಾತ್ರ ಇಟಲಿಯ ಊರೊಂದರ ಹೆಸರು.

ಕ್ಯಾಲಿಫೋರ್ನಿಯಾದ ಇನ್ನೊಬ್ಬನ ಕತೆಯನ್ನು ಹುಡುಗನಿಗೆ ಹೇಳಿದೆ, ಅವನಿಗೆ ಹಿಡಿಸಲಿಲ್ಲ. ಮೊದಲ ಚಿನ್ನ ಸಿಕ್ಕಿದ್ದು ಜಾನ್ ಸಟರ್ ಎಂಬವನ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ. ಆ ಸೀಮೆಯ ದೊಡ್ಡ ಜಮೀನುದಾರ ಅವನು. ನುಗ್ಗಿ ಬಂದ ಜನ ಅವನ ಪೈರು ತುಳಿದರು, ದನ ತಿಂದರು, ಜಾಗದಲ್ಲಿ ಗುಡಿಸಲು ಹಾಕಿಕೊಂಡರು. ಪರಿಹಾರ ಕೊಡಿ ಎಂದು ಸರ್ಕಾರದ ಬಾಗಿಲು ಬಡಿಯುತ್ತಲೇ 1880ರಲ್ಲಿ ವಾಷಿಂಗ್ಟನ್ನಿನಲ್ಲಿ ಸತ್ತ. 'ನಮ್ಮ ಕಡೆ ಹಂಗಿಲ್ಲ ಸಾರ್, ಕೆಐಎಡಿಬಿ ದುಡ್ಡು ಕೊಡುತ್ತೆ' ಎಂದ ಹುಡುಗ. ಕೊಡುತ್ತದೆ. ಕೈಗಾರಿಕೆಗೆಂದು ನೆಲ ಸ್ವಾಧೀನ ಮಾಡಿಕೊಳ್ಳುವ ಮಂಡಳಿ ಅದು. ಬೇಲಿ ಮೊದಲು ಬರುತ್ತದೆ, ದುಡ್ಡು ಹಿಂದಿನಿಂದ ನಡೆದುಕೊಂಡು ಬರುತ್ತದೆ; ಅಷ್ಟರಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಿನ ದಾವೆ, ಅಕ್ಕತಂಗಿಯರ ತಕರಾರು, ಸಿವಿಲ್ ಕೋರ್ಟು. ಕೊನೆಗೆ ಚೆಕ್ಕು ಕೈಗೆ ಬಂದ ದಿನ ಅದನ್ನು ಜಾಗ್ರತೆಯಾಗಿ ಎಲ್ಲಿ ಹಾಕಬೇಕು ಎಂದು ಸಲಹೆ ಕೊಡಲು ಬಾಗಿಲಲ್ಲಿ ನಿಂತಿರುವವನು ಯಾರು? ಲ್ಯಾಂಡ್ ಕನ್ಸಲ್ಟೆಂಟ್.

ಕಾಗದದ ವಿಷಯಕ್ಕೆ ಬಂದರೆ, ಕರ್ನಾಟಕ ಸರ್ಕಾರದಷ್ಟು ದಯಾಳುವಾದ ಗಣಿ ಇಲಾಖೆ ಬೇರೆಲ್ಲೂ ಇಲ್ಲ. ಕನ್ವರ್ಷನ್ ಆಗದ ಹೊಲದಲ್ಲಿ ಸೈಟು ಮಾಡಬಾರದು ಎಂದು ಒಂದು ಕೈಯಲ್ಲಿ ಬರೆಯುತ್ತದೆ. ಮಾಡಿದ್ದರೆ ಏನು ಮಾಡುವುದು ಎಂದು ಇನ್ನೊಂದು ಕೈಯಲ್ಲಿ ಬರೆಯುತ್ತದೆ. ಅಕ್ರಮ-ಸಕ್ರಮ ಎಂಬ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2025ರಲ್ಲಿ ಪುರಸಭೆ, ನಗರಸಭೆಗಳ ಅನಧಿಕೃತ ಸೈಟುಗಳಿಗೂ ಬಿ ಖಾತೆ ಕೊಡುವ ಮೂರು ತಿಂಗಳ ಅಭಿಯಾನ ಶುರುವಾಯಿತು. ಇದು ಒಂದೇ ಸಲದ ಅವಕಾಶ ಎಂದು ಸರ್ಕಾರ ಹೇಳಿತು. ಚಂದಾಪುರದಲ್ಲಿ ಇದನ್ನು ಕೇಳಿ ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಮುಂದಿನ ಸಲಕ್ಕೆ ಲೇಔಟು ಮಾಡಲು ಜೆಸಿಬಿ ಕರೆಸಿದರು. ಇನ್ನು 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಬಾರದು ಎನ್ನುತ್ತದೆ. ಮಾರಿದ್ದರೆ ಎಷ್ಟು ವರ್ಷದ ಮೇಲಾದರೂ ವಾಪಸು ಕೇಳಬಹುದು ಎಂದು 2023ರ ತಿದ್ದುಪಡಿ ಸ್ಪಷ್ಟ ಮಾಡಿತು. ಮಂಜೂರು ಪಡೆದವರ ಮೊಮ್ಮಕ್ಕಳ ಪಾಲಿಗೆ ಇದು ನ್ಯಾಯ. ಅವರ ಹೊಲದ ಮೇಲೆ ಏಳನೇ ಕೈಯಿಂದ ಡ್ಯೂಪ್ಲೆಕ್ಸ್ ಕಟ್ಟಿಸಿಕೊಂಡ ಟೆಕ್ಕಿಗೆ ಇದು ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಬಂದು ನಿಲ್ಲುವ ನೋಟಿಸು. ಅವನು ಫೋನು ಮಾಡುತ್ತಾನೆ. ನಾಲ್ಕೂ ಸಿಮ್ಮು ಸ್ವಿಚ್ಡ್ ಆಫ್.

ಹಾಗೆಂದು ಹುಡುಗನನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಅವನು ಮಾರಿದ್ದನ್ನು ಅವನೇ ನಂಬಿದ್ದಾನೆ. ಕಮಿಷನ್ನಿನಲ್ಲಿ ಬಂದದ್ದನ್ನು ಮತ್ತೆ ಸೈಟಿಗೇ ಹಾಕಿದ್ದಾನೆ, ಅದೂ ತನ್ನದೇ ಗುಂಪಿನಲ್ಲಿ ಬಂದ 'ಪ್ರೀ-ಲಾಂಚ್ ಆಫರ್' ನಂಬಿ. ಲಾಂಚ್ ಇನ್ನೂ ಆಗಿಲ್ಲ. ಕಾರಿನ ಕಂತು ತಿಂಗಳು ತಿಂಗಳು ಲಾಂಚ್ ಆಗುತ್ತಿದೆ.

ನನಗೆ ತಮಾಷೆ ಅನ್ನಿಸುವುದು ಬೇರೆ. ರೈತನ ಮೊಮ್ಮಗ ಹೊಲ ಮಾರಿ, ಕೂಲಿಂಗ್ ಗ್ಲಾಸ್ ಹಾಕಿ, ಎಸಿ ಕಾರಿನಲ್ಲಿ ಕೂತು, ಇಂಗ್ಲಿಷ್ ಕಲಿತು, ಎಂಜಿನಿಯರಿನ ಥರ ಬದುಕಬೇಕು ಎಂದು ಹಂಬಲಿಸುತ್ತಾನೆ. ಎಂಜಿನಿಯರಿಗೆ ಲ್ಯಾಪ್‌ಟಾಪು ಸಾಕಾಗಿದೆ. ಇನ್ನೈದು ವರ್ಷಕ್ಕೆ ತನ್ನ ಕೆಲಸವನ್ನು ಕಂಪ್ಯೂಟರೇ ಮಾಡಿಬಿಟ್ಟರೆ ಎಂದು ರಾತ್ರಿ ನಿದ್ದೆ ಇಲ್ಲ. ಸಾಲ ತೆಗೆದು ಕಾಲು ಎಕರೆ 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್' ಕೊಂಡು, ಹುಲ್ಲಿನ ಟೋಪಿ ಹಾಕಿ, ಟೊಮೆಟೊ ಬೆಳೆಯಬೇಕು ಎಂದು ಅವನ ಹಂಬಲ. ಇಬ್ಬರೂ ಒಬ್ಬರ ಬದುಕನ್ನು ಇನ್ನೊಬ್ಬರಿಗೆ ಮಾರುತ್ತಿದ್ದಾರೆ, ಸ್ಟಾಂಪ್ ಡ್ಯೂಟಿ ಸರ್ಕಾರಕ್ಕೆ. ಆ ಫಾರ್ಮಿನಲ್ಲಿ ವಾರವಿಡೀ ನೀರು ಹಾಯಿಸಲು ಸಂಬಳಕ್ಕೆ ಇಟ್ಟುಕೊಂಡಿರುವುದು ಯಾರನ್ನು ಎಂದು ಕೇಳಿದೆ. 'ಪಾಪ, ಆ ಜಮೀನಿನ ಹಳೇ ಓನರ್ರೇ ಸಾರ್. ಮಣ್ಣಿನ ಗುಣ ಅವರಿಗೇ ಚೆನ್ನಾಗಿ ಗೊತ್ತಲ್ಲ.' ಅದು ಹುಡುಗನ ದೊಡ್ಡಪ್ಪ ಎಂದು ಆಮೇಲೆ ತಿಳಿಯಿತು.

ಗಣಿ ಮುಗಿದ ಮೇಲೆ ಏನಾಗುತ್ತದೆ ಎಂದು ಗೊತ್ತಾಗಬೇಕಾದರೆ ಬೆಳಗಿನ ಜಾವ ಬಂಗಾರಪೇಟೆಯ ಕಡೆಯಿಂದ ಬೆಂಗಳೂರಿಗೆ ಬರುವ ರೈಲನ್ನು ನೋಡಬೇಕು. ಕೆಜಿಎಫ್‌ನ ಹುಡುಗರು, ಹೆಂಗಸರು ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಾರೆ. ಅವರ ತಾತಂದಿರು ಮೂರು ಕಿಲೋಮೀಟರ್ ಕೆಳಗಿಳಿದು ಬಂಡೆಯ ಧೂಳು ನುಂಗಿ ಶ್ವಾಸಕೋಶ ಕಳೆದುಕೊಂಡವರು. ಇವರು ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಗೇಟಿನಲ್ಲಿ ಸೆಕ್ಯುರಿಟಿ ಡ್ರೆಸ್ಸು ಹಾಕಿ ನಿಲ್ಲುತ್ತಾರೆ, ಒಳಗೆ ನೆಲ ಒರೆಸುತ್ತಾರೆ. ಇದನ್ನೂ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮನಸ್ಸಿಗೆ ತಟ್ಟಿತು ಅಂದುಕೊಂಡೆ. 'ಬಂಗಾರಪೇಟೆ ಕಡೆ ಎಕರೆ ರೇಟ್ ಎಷ್ಟಿದೆ ಸಾರ್ ಈಗ?' ಎಂದ.

ಸದ್ಯಕ್ಕೆ ಅವನ ಕಣ್ಣು ಮಾತ್ರ ಇನ್ನೊಂದು ದಿಕ್ಕಿಗಿದೆ. ಚಂದಾಪುರದಲ್ಲಿ ಸಾಮಾನ್ಯ ಬಡಪಾಯಿ ಬ್ರೋಕರಿಗೆ ಇನ್ನು ಜಾಗವಿಲ್ಲ, ದೊಡ್ಡ ಕಂಪನಿಗಳು ಬಂದು ಕೂತಿವೆ, ಅವರ ಸೇಲ್ಸ್ ಆಫೀಸಿನಲ್ಲಿ ಕಾಫಿ ಪುಕ್ಕಟೆ. ಆದರೆ 2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯ ವಿಮಾನ ನಿಲ್ದಾಣ ಕಟ್ಟುತ್ತೇವೆ ಎಂದು ವಿಧಾನಸಭೆಯಲ್ಲಿ ಹೇಳಿದರಲ್ಲ, ಅಂದಿನಿಂದ ಹುಡುಗನ ಕಪ್ಪು ಕಾರು ಅತ್ತಿಬೆಲೆ ಗಡಿ ದಾಟುತ್ತಿದೆ. ಗಡಿ, ಭಾಷೆ, ನದಿ ಎಂದು ಎರಡು ರಾಜ್ಯ ಜಗಳವಾಡಿದ್ದು ಸಾಕು. ಸ್ಕ್ವೇರ್ ಫೀಟಿನಲ್ಲಿ ಎರಡೂ ಒಂದೇ. ವಿಮಾನ ಎಲ್ಲಿ ಇಳಿಯುತ್ತದೆ ಎಂದು ಎರಡೂ ಸರ್ಕಾರಗಳಿಗಿಂತ ಮೊದಲು ಅವನಿಗೆ ಗೊತ್ತಾಗಿದೆ. ರನ್‌ವೇಯಿಂದ ಏಳು ನಿಮಿಷದ ದೂರಕ್ಕೆ ಆಗಲೇ ಕಲ್ಲು ನೆಟ್ಟಾಗಿದೆ.

ಮೊನ್ನೆ ಫೋನು ಮಾಡಿದ್ದ. ನಾನು ಅವನ ಬಗ್ಗೆ ಬರೆಯುತ್ತಿರುವುದು ಯಾರಿಂದಲೋ ತಿಳಿದಿತ್ತು. ಸಿಟ್ಟಾಗಿದ್ದಾನೆ ಎಂದುಕೊಂಡೇ ಎತ್ತಿದೆ.

'ಬೈಕೊಂಡೇ ಬರೀರಿ ಸಾರ್, ಪರವಾಗಿಲ್ಲ. ಕೊನೇಲಿ ಹೊಸೂರ್ ಏರ್‌ಪೋರ್ಟ್ ಹತ್ರ ಸೈಟ್ ಐತೆ ಅಂತ ಒಂದ್ ಲೈನ್ ಹಾಕಿಬಿಡಿ. ನಿಮ್ಮ ಕಾಲಂ ಓದ್ಕೊಂಡು ಬಂದ ಪಾರ್ಟಿಗೆ ಅರ್ಧ ಪರ್ಸೆಂಟ್ ನಿಮ್ಗೆ.'

ನಾನು ಒಂದು ಪರ್ಸೆಂಟ್ ಕೇಳಿದ್ದೇನೆ. ಮಾತುಕತೆ ನಡೆದಿದೆ.